ಬೈರಮ್ಮನ ಎಡಗಾಲು

ಓಕಳಿಪುರಂನಲ್ಲಿ ರೈಲು ಹಳಿಗಳ ಪಕ್ಕದ ನಮ್ಮ ಬೀದಿಯ ಹೆಣ್ಣುಮಕ್ಕಳು ಓಡುತ್ತಿದ್ದದ್ದು ಎರಡೇ ಕಾರಣಕ್ಕೆ: ನಲ್ಲಿಯಲ್ಲಿ ನೀರು ಬಂದಾಗ, ಇಲ್ಲವೇ ಗಂಡ ಕುಡಿದು ಬಂದಾಗ. ಬೈರಮ್ಮ ಖೋಖೋ ಆಡಲು ಓಡಿದಳು.

ಅವಳ ತಾಯಿ ಅಂಜಿನಮ್ಮ ರೈಲು ಬೋಗಿ ಗುಡಿಸುವವಳು. ಅಪ್ಪ ತೀರಿಹೋಗಿದ್ದ. ಶಾಲೆಯಲ್ಲೇ ಹುಡುಗಿಯ ಓಟ ಕಂಡ ಡ್ರಿಲ್ ಟೀಚರ್ ಶೈಲಜಮ್ಮ ಅವಳನ್ನು ಮಲ್ಲೇಶ್ವರದ ತಮ್ಮ ಖೋಖೋ ಕ್ಲಬ್ಬಿಗೆ ಸೇರಿಸಿಕೊಂಡರು. ಮಡಿವಂತರ ಮನೆಯ ಹೆಂಗಸು. ಆದರೂ ನಮ್ಮ ಕೇರಿಗೆ ಬಂದು, ಅಂಜಿನಮ್ಮನ ಮನೆಯ ಲೋಟದಲ್ಲಿ ಕಾಫಿ ಕುಡಿದು, ನಿಮ್ಮ ಮಗಳನ್ನ ಕಳಿಸಿಕೊಡಿ ಎಂದು ಕೇಳಿದ್ದರು. ನಾವು ಕೇರಿಯ ಹುಡುಗರು ಕಟ್ಟಿಕೊಂಡಿದ್ದ ಹೋರಾಟದ ಸಂಘದಲ್ಲಿ ಒಂದು ವಾರ ಇದೇ ಚರ್ಚೆ. ಕಾಫಿಯ ಬಗ್ಗೆ, ಖೋಖೋ ಬಗ್ಗೆ ಅಲ್ಲ.

1979ರ ಬೇಸಿಗೆಯಲ್ಲಿ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ಇತ್ತು. ವಯಸ್ಸಿನ ಲೆಕ್ಕದಲ್ಲಿ ಬೈರಮ್ಮನಿಗೆ ಅದೇ ಕೊನೆಯ ಅವಕಾಶ. ಹಿಂದೆ ಆ ತಂಡಕ್ಕೆ ಆಡಿದ್ದ ಕ್ಲಬ್ಬಿನ ಇಬ್ಬರು ಹುಡುಗಿಯರಿಗೆ ಆಟದ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿತ್ತು. ಅಂಜಿನಮ್ಮನಿಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ, ಇದು ಮಾತ್ರ ಗೊತ್ತಿತ್ತು: ಮಗಳು ತಂಡಕ್ಕೆ ಬಂದರೆ ಕುರ್ಚಿಯ ಮೇಲೆ ಕೂತು ದುಡಿಯುತ್ತಾಳೆ, ಪೊರಕೆ ಹಿಡಿಯುವುದಿಲ್ಲ.

ಬೈರಮ್ಮ ದೇವರು ಮೈಮೇಲೆ ಬಂದವಳಂತೆ ಅಭ್ಯಾಸಕ್ಕೆ ಬಿದ್ದಳು. ಬೆಳಿಗ್ಗೆ ಮೆಜೆಸ್ಟಿಕ್ ಸುತ್ತಿ ಟಾರು ರಸ್ತೆಯಲ್ಲಿ ಓಟ, ಸಂಜೆ ಕಲ್ಲಿನಂತೆ ಗಟ್ಟಿಯಾದ ಮೈದಾನದಲ್ಲಿ ಆಟ, ಎಲ್ಲವೂ ಬರಿಗಾಲಲ್ಲಿ. ಎಡಪಾದ ನೋಯತೊಡಗಿದಾಗ ಹಳೇ ಸೀರೆಯ ಚಿಂದಿ ಬಿಗಿದುಕೊಂಡು ಓಡಿದಳು. ಒಂದು ಸಂಜೆ ಕಂಬ ಸುತ್ತಿ ತಿರುಗುವಾಗ ಕಾಲು ಊರಲಾಗದೆ ಅಲ್ಲೇ ಕೂತುಬಿಟ್ಟಳು. ಶೈಲಜಮ್ಮ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು.

"ಬಿದ್ಯೇನಮ್ಮಾ?" ಡಾಕ್ಟರು ಕೇಳಿದರು.

"ಇಲ್ಲ ಸಾರ್."

"ಯಾರಾದ್ರೂ ತುಳಿದ್ರಾ?"

"ನಾನೇ ಸಾರ್ ತುಳಿದಿದ್ದು, ನೆಲಾನ."

ಡಾಕ್ಟರು ನಕ್ಕು ಎಕ್ಸ್-ರೇ ತೋರಿಸಿದರು. ಬಿಡುವಿಲ್ಲದೆ ಓಡಿ ಪಾದದ ಮೂಳೆ ದಣಿದು ಕೂದಲಿನಷ್ಟು ಬಿರುಕು ಬಿಟ್ಟಿತ್ತು. "ಸುಮ್ಮನೆ ಬಿಟ್ರೆ ಕೂಡ್ಕೊಳ್ಳತ್ತೆ. ಆದ್ರೆ ಒಂದು ಮಾತು. ನೋವು ಮೊದಲು ಹೋಗತ್ತೆ, ಮೂಳೆ ಆಮೇಲೆ ಗಟ್ಟಿಯಾಗತ್ತೆ. ನೋವಿಲ್ಲ ಅಂತ ಜಿಗೀಬೇಡ."

ಅವತ್ತೇ ಅಂಜಿನಮ್ಮ ನಮ್ಮ ಕೇರಿಯ ಮುತ್ಯಾಲಮ್ಮನ ಗುಡಿ ಮುಂದೆ ನಿಂತು ಹರಕೆ ಹೊತ್ತಳು: ಮಗಳ ಕಾಲು ನೆಟ್ಟಗಾದರೆ ಈ ಸಲದ ಹಬ್ಬದಲ್ಲಿ ಅವಳ ತಲೆಯ ಮೇಲೆ ತಂಬಿಟ್ಟಿನ ಆರತಿ.

ಬೈರಮ್ಮ ಡಾಕ್ಟರ ಮಾತು ಕೇಳಿದಳು. ಇದನ್ನು ಬರೆಯಲೇಬೇಕು, ಏಕೆಂದರೆ ಆಮೇಲೆ ಬೀದಿಯೆಲ್ಲ ಅವಳನ್ನು ಅವಸರಗೇಡಿ ಎಂದಿತು. ವಾರಗಟ್ಟಲೆ ಮನೆಯಲ್ಲೇ ಕೂತಳು. ಆಮೇಲೆ ಶೈಲಜಮ್ಮ ತಂದುಕೊಟ್ಟ ಕ್ಯಾನ್ವಾಸ್ ಶೂ ಹಾಕಿಕೊಂಡು ಮೈದಾನದ ಹುಲ್ಲಿನ ಅಂಚಿನಲ್ಲಿ ನಡೆದಳು. ಮುಂದಿನ ವಾರ ಸ್ವಲ್ಪ ದೂರ ನಿಧಾನದ ಓಟ, ಮತ್ತೆ ನಡಿಗೆ. ಕಾಲು ಚುರ್ ಎಂದರೆ ಹಿಂದಿನ ವಾರದ್ದಕ್ಕೇ ವಾಪಸ್. ಶೈಲಜಮ್ಮನ ನಿಯಮ ಅದು. ಜೊತೆಯ ಹುಡುಗಿಯರು ಛೇಡಿಸದೆ ಬಿಡಲಿಲ್ಲ.

"ಏನೇ ಬೈರಿ, ಮದುವೆ ಹೆಣ್ಣಿನ ಥರ ನಡೀತಿದೀಯ?"

"ನೋಡೋಕೆ ಬಂದಿರೋ ಗಂಡು ನೀನೇ ಅಲ್ವೇನೇ, ಸರಿಯಾಗಿ ನೋಡ್ಕೊ."

ಹಬ್ಬದ ಹೊತ್ತಿಗೆ ನೋವು ಪೂರ್ತಿ ಹೋಗಿತ್ತು. ಆಯ್ಕೆಗೆ ಎರಡು ವಾರ ಬಾಕಿ. ಮುಂದಿನ ವಾರದಿಂದ ಆಟಕ್ಕಿಳಿಸುತ್ತೇನೆ ಎಂದು ಶೈಲಜಮ್ಮ ಹೇಳಿಯೂ ಇದ್ದರು. ಆರತಿ ಹೊತ್ತು ಬೀದಿಗಳನ್ನೆಲ್ಲ ಸುತ್ತಿ ಗುಡಿಗೆ ಬರುವವರು ಚಪ್ಪಲಿ ಹಾಕುವಂತಿಲ್ಲ, ದಾರಿಯಲ್ಲಿ ಇಳಿಸುವಂತಿಲ್ಲ, ತಮಟೆ ನಿಂತಾಗ ಮಾತ್ರ ನಿಲ್ಲಬೇಕು. ಆಯ್ಕೆ ಮುಗಿದ ಮೇಲೆ ಹೊರಲಿ ಎಂದು ನಾನು ಅಂಜಿನಮ್ಮನಿಗೆ ಹೇಳಿ ನೋಡಿದೆ.

"ವಾಸಿ ಮಾಡಿದ ತಾಯಿಗೆ ವಾಯ್ದೆ ಹೇಳ್ಲಾ?" ಎಂದಳು. "ನೀವು ಸಂಘದೋರು ಜಾಥಾ ಅಂತ ಊರೆಲ್ಲಾ ಅಲೀತೀರ. ನನ್ನ ಮಗಳು ಒಂದಿನ ನಡೆದ್ರೆ ನಿಮಗ್ಯಾಕಪ್ಪ ಕಾಲು ನೋವು?"

ಬೈರಮ್ಮ ಶೈಲಜಮ್ಮನನ್ನೂ ಕೇಳಿದಳು. ಅವರೂ ಹರಕೆ ಹೊರುವ ಮನೆಯವರೇ. ಸ್ವಲ್ಪ ಯೋಚಿಸಿ, "ನಡಿಗೆ ತಾನೇ. ಓಟ ಅಲ್ವಲ್ಲ. ಹೋಗಿ ಬಾ," ಎಂದರು. ಎಲ್ಲರ ಲೆಕ್ಕ ತಪ್ಪಿದ್ದು ಅಲ್ಲೇ. ಮೈದಾನದ್ದು ಮಾತ್ರ ವ್ಯಾಯಾಮ, ದೇವರ ಮುಂದಿನದು ಭಕ್ತಿ ಎಂದುಕೊಂಡರು. ಮೂಳೆಗೆ ಎರಡೂ ಒಂದೇ.

ಮೇ ತಿಂಗಳ ಬಿಸಿಲು. ನೀರು ಚಿಮುಕಿಸಿದ್ದರೂ ಟಾರು ಕಾದಿತ್ತು. ಮೊದಲು ಬೈರಮ್ಮ ಹುಷಾರಾಗಿಯೇ ನಡೆದಳು. ಗುಡಿ ಹತ್ತಿರವಾದಂತೆ ತಮಟೆಯವರು ಏಟು ಬದಲಿಸಿದರು. ಆರತಿ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ಹೆಜ್ಜೆ ಹಾಕತೊಡಗಿದರು. ಬೈರಮ್ಮ ತುಸು ದೂರ ನಡೆಯುತ್ತಲೇ ನೋಡಿದಳು. ಆಮೇಲೆ ಕುಣಿದಳು. ಎಷ್ಟೋ ವಾರದಿಂದ ಕಟ್ಟಿಹಾಕಿದ್ದ ಮೈ ಅದು. ತಲೆಯ ಮೇಲಿನ ದೀಪ ಅಲುಗದಂತೆ, ಕಾಲು ಮಾತ್ರ ನೆಲವನ್ನು ಬಡಿಯುವ ಹಾಗೆ ಕುಣಿದಳು. ತಮಟೆಯವರು ಅವಳನ್ನೇ ಸುತ್ತುವರಿದು ಬಾರಿಸಿದರು. ಸಿಳ್ಳೆ ಹೊಡೆದವರಲ್ಲಿ ನಮ್ಮ ಸಂಘದವರೂ ಇದ್ದರು. ಅಂಜಿನಮ್ಮ ಕೈಮುಗಿದು ಅಳುತ್ತಿದ್ದಳು.

ಗುಡಿಯ ಬಾಗಿಲಲ್ಲಿ ಆರತಿ ಇಳಿಸಿಕೊಟ್ಟು ಬೈರಮ್ಮ ಗೋಡೆ ಹಿಡಿದಳು. ಮಾರನೆಯ ದಿನ ಪಾದ ಊದಿಕೊಂಡಿತ್ತು. ಅದೇ ಡಾಕ್ಟರು ಹೊಸ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಈ ಸಲ ಮೂಳೆ ಪೂರ್ತಿ ಮುರಿದಿತ್ತು.

ತಂಡ ಅವಳಿಲ್ಲದೆ ಹೋಯಿತು. ಅಂಜಿನಮ್ಮ ಗುಡಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಕಾಲಿನ ಮಾತು ಎತ್ತುವುದನ್ನು ಬಿಟ್ಟಳು. ಶೈಲಜಮ್ಮ ಆಮೇಲೆ ಒಂದೇ ಸಲ ನಮ್ಮ ಬೀದಿಗೆ ಬಂದರು. ಅಂಜಿನಮ್ಮ ಕಾಫಿ ಕೊಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಬೈಯುವುದಕ್ಕೆ ಕಾಯುತ್ತ ಕೂತರು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಬೈರಮ್ಮ ಎರಡನೇ ಸಲ ಮೊದಲಿಂದ ಶುರುಮಾಡಿದಳು. ಯಾರೂ ಜೊತೆಗಿರಲಿಲ್ಲ. ಮೊದಲು ಮನೆಯಿಂದ ನಲ್ಲಿಯವರೆಗೆ, ಆಮೇಲೆ ಬೀದಿಯ ತುದಿಯವರೆಗೆ, ಮತ್ತೆ ಹುಲ್ಲಿನ ಮೇಲೆ. ಚುರ್ ಎಂದರೆ ವಾಪಸ್. ಒಂದು ವರ್ಷ ದಾಟಿದ ಮೇಲೆ ಚೆನ್ನಾಗಿಯೇ ಓಡಿದಳು. ಆದರೆ ವಯಸ್ಸು ಮೀರಿತ್ತು. ಹಿರಿಯರ ತಂಡದವರು ಅವಳ ಕಾಲಿನ ಕಥೆ ಕೇಳಿಯೇ ಹಿಂದೆ ಸರಿದರು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಸೇರಿದಳು. ಕುರ್ಚಿ ಇಲ್ಲ, ಸ್ಟೂಲು. ದಿನವಿಡೀ ಪೆಡಲ್ ತುಳಿಯುವ ಕೆಲಸ.

ಎಂಬತ್ತಾರರಲ್ಲಿರಬೇಕು, ಒಂದು ಭಾನುವಾರ ಮಲ್ಲೇಶ್ವರದ ಆ ಮೈದಾನದಲ್ಲಿ ಅವಳು ಸಿಕ್ಕಿದಳು. ಒಬ್ಬಳೇ ನಿಧಾನವಾಗಿ ಓಡುತ್ತಿದ್ದಳು. ಪಕ್ಕದಲ್ಲಿ ಹುಡುಗಿಯರ ಖೋಖೋ ನಡೆದಿತ್ತು. ನಾನು ಸಂಘದವನ ಬುದ್ಧಿ ಬಿಡದೆ, ಮೂಢನಂಬಿಕೆ ನಿನ್ನ ಬದುಕು ತಿಂತು ಎಂದೆ.

"ಸುಮ್ನಿರಣ್ಣ," ಎಂದಳು. "ಅಮ್ಮ ಹರಕೆ ಹೊತ್ಲು, ಟೀಚರ್ ಹೂಂ ಅಂದ್ರು, ನಿಜ. ಬರೀ ನಡ್ಕೊಂಡು ಹೋಗಿದ್ರೆ ಉಳೀತಿತ್ತೋ ಏನೋ. ಕುಣಿ ಅಂತ ನಂಗ್ಯಾರೂ ಹೇಳಿರ್ಲಿಲ್ಲ."

ಅವಳು ಬಗ್ಗಿ ಎಡಪಾದವನ್ನು ಒತ್ತಿ ನೋಡಿಕೊಂಡಳು. ಇವತ್ತಿಗೆ ಸಾಕು ಎಂದು ತನಗೆ ತಾನೇ ಹೇಳಿಕೊಂಡು ಗೇಟಿನ ಕಡೆ ನಡೆದಳು.