ಶಾಹೀನ್ ಹೇಳಿದ ಜೆರಂಡ್

ಇಂಗ್ಲಿಷ್ ವ್ಯಾಕರಣದ ಜೆರಂಡ್ ಕಲಿಸುವ ಆ ಉಪಾಯ ನನ್ನದಲ್ಲ. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು — ಎಲ್ಲ ಕಡೆಯೂ ಇಂಗ್ಲಿಷ್ ಶಿಕ್ಷಕರ ಮುಂದೆ ನಿಂತು ಅದನ್ನು ನನ್ನದೆಂದು ಹೇಳಿದ್ದೇನೆ, ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ. ಅದು ಒಂಬತ್ತನೇ ತರಗತಿಯ ಶಾಹೀನ್ ಎಂಬ ಹುಡುಗಿಯದು. ಅದನ್ನು ಹೇಳಿದ ತಪ್ಪಿಗೆ ನಾನು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿದ್ದೆ. ಆಮೇಲೆ ಅದನ್ನೇ ಎತ್ತಿಕೊಂಡೆ.

ಕೊರಗುತ್ತಾ ಕುಳಿತು ಇದನ್ನು ಬರೆಯುತ್ತಿಲ್ಲ. ನಿವೃತ್ತನಾಗಿ ರಾಮದುರ್ಗದಲ್ಲಿ ಸುಖವಾಗಿದ್ದೇನೆ. ಆರೋಗ್ಯ ನೆಟ್ಟಗಿದೆ. ಸಂಜೆ ಹೆಂಡತಿ ಶಾಂತಾಳೊಡನೆ ಪೇಟೆಗೆ ಹೊರಟರೆ ಹಳೆಯ ವಿದ್ಯಾರ್ಥಿಗಳು ಗಾಡಿ ನಿಲ್ಲಿಸಿ ಮಾತಾಡಿಸುತ್ತಾರೆ. ಸುಖವಾಗಿರುವುದರಿಂದಲೇ ಹೇಳಬೇಕಾಗಿದೆ — ನನಗೆ ಸಿಕ್ಕ ಮರ್ಯಾದೆಯಲ್ಲಿ ಒಂದು ಪಾಲು ಅವಳದಾಗಿತ್ತು.

ಆಗ ನಾನು ಕಟಕೋಳದ ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಕ್ರಿಯಾಪದಕ್ಕೆ ‘ಇಂಗ್’ ಹತ್ತಿದರೆ ಕೆಲಸ ನಡೆಯುತ್ತಿದೆ ಎಂದರ್ಥ — ಇಷ್ಟನ್ನೇ ಕಲಿಸುತ್ತಿದ್ದೆ. ನನಗೆ ಗೊತ್ತಿದ್ದದ್ದೂ ಬಹುತೇಕ ಇಷ್ಟೇ. ಒಂದು ದಿನ ಪಾಠದಲ್ಲಿ ‘ಸ್ವಿಮ್ಮಿಂಗ್ ಈಸ್ ಅ ಗುಡ್ ಎಕ್ಸರ್‌ಸೈಜ್’ ಎಂಬ ವಾಕ್ಯ ಬಂತು. ಕನ್ನಡಕ್ಕೆ ತಿರುಗಿಸಿರಿ ಎಂದೆ. ನಾನು ಕಲಿಸಿದ್ದನ್ನೇ ನಂಬಿದ ಮಕ್ಕಳು ‘ಈಜುತ್ತಿದೆ ಒಳ್ಳೆಯ ವ್ಯಾಯಾಮ’ ಎಂದು ಬರೆದು ತಂದರು. ಅದು ತಪ್ಪು ಎಂದು ನನಗೆ ಗೊತ್ತು. ಯಾಕೆ ತಪ್ಪು ಎಂದು ಹೇಳಲು ಬಾರದು. ಇದಕ್ಕೆ ಜೆರಂಡ್ ಅನ್ನುತ್ತಾರೆ, ಕ್ರಿಯೆಯಿಂದ ಹುಟ್ಟಿದ ನಾಮಪದ, ಬಾಯಿಪಾಠ ಮಾಡಿರಿ ಎಂದೆ. ಮಕ್ಕಳು ಒಟ್ಟಾಗಿ ಒದರತೊಡಗಿದರು.

ಆಗ ಕಿಟಕಿ ಬದಿಯ ಬೆಂಚಿನಿಂದ ಶಾಹೀನ್ ಕೈ ಎತ್ತಿದಳು. ಅವಳ ತಂದೆ ಟೆಂಪೋ ಚಾಲಕ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ನನ್ನ ಅರೆಬರೆ ಇಂಗ್ಲಿಷ್ — ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಆ ಹುಡುಗಿಗೆ ತಾನಾಗಿಯೇ ಬಂದಿತ್ತೇನೋ.

“ಸರ್, ಇದು ನಮ್ಮ ‘ಈಸೂದು’ ಅಲ್ಲೇನ್ರಿ? ‘ಈಸಾಕ ಹತ್ಯಾನ’ ಅನ್ನೂದು ಬ್ಯಾರೆ, ‘ಈಸೂದು ಚಲೋ’ ಅನ್ನೂದು ಬ್ಯಾರೆ. ಇಂಗ್ಲಿಷ್‌ನ್ಯಾಗ ಎರಡಕ್ಕೂ ‘ಇಂಗ್’ ಹಚ್ಚತಾರ, ಅಷ್ಟರೀ.”

ಅವಳು ಹೇಳಿದ್ದು ಸರಿ ಎಂದು ನನಗೆ ಅರ್ಧ ಹೊಳೆಯಿತು — ಆ ಅರ್ಧವೇ ನನ್ನನ್ನು ಹೆದರಿಸಿತು. ‘ಈಜುತ್ತಿದ್ದಾನೆ’ ಬೇರೆ, ‘ಈಜುವುದು’ ಬೇರೆ ಎಂದು ನಾನು ಹೇಳಲಾರದ್ದನ್ನು ಅವಳು ಹೇಳಿಬಿಟ್ಟಿದ್ದಳು, ಅದೂ ನಾನು ತರಗತಿಯೊಳಗೆ ಬಿಟ್ಟುಕೊಳ್ಳದ ಓಣಿಯ ಮಾತಿನಲ್ಲಿ.

“ಇದು ಇಂಗ್ಲಿಷ್ ಪೀರಿಯಡ್. ನಿಮ್ಮ ಓಣಿ ಮಾತು ಇಲ್ಲಿ ತರಬ್ಯಾಡ. ಬಾ, ಮುಂದ ಬಂದು ನಿಂದ್ರು.”

ಹುಡುಗರು ನಕ್ಕರು. ಗಂಟೆ ಬಾರಿಸುವವರೆಗೆ ಅವಳು ಕರಿಹಲಗೆಯ ಪಕ್ಕ ನಿಂತಿದ್ದಳು. ಅಳಲಿಲ್ಲ. ಹಲಗೆಯ ಮೇಲಿನ ಆ ವಾಕ್ಯವನ್ನೇ ನೋಡುತ್ತಿದ್ದಳು.

ಸಂಜೆ ಊರಿಗೆ ಮರಳಲು ಬಸ್ಸಿನಲ್ಲಿ ಕುಳಿತಿದ್ದೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಇಬ್ಬರು ರೈತರಲ್ಲಿ ಒಬ್ಬ, “ಇಳಿ, ಚಹಾ ಕುಡದ ಬರೂಣು,” ಎಂದ. ಇನ್ನೊಬ್ಬ, “ನಾ ಚಹಾ ಕುಡಿಯೂದು ಬಿಟ್ಟೇನಪ,” ಎಂದ. ಅಷ್ಟರಲ್ಲಿ ಕಂಡಕ್ಟರ್ ಹೊರಗೆ ಬಗ್ಗಿ ಚಾಲಕನನ್ನು ಕರೆಯುತ್ತಿದ್ದ — “ಮತ್ತ ಚಹಾ ಕುಡಿಯಾಕ ನಿಂತ್ರೇನ್ರಿ? ಟೈಮ್ ಆತು, ಬರ್ರಿ.”

ಕುಡಿಯೂದು ಬಿಟ್ಟೆ. ಕುಡಿಯಾಕ ನಿಂತೆ. ‘ಸ್ಟಾಪ್ಡ್ ಡ್ರಿಂಕಿಂಗ್’, ‘ಸ್ಟಾಪ್ಡ್ ಟು ಡ್ರಿಂಕ್’. ಬಿ.ಎಡ್. ಓದುವಾಗಿನಿಂದ ನನ್ನನ್ನು ಕಾಡಿದ್ದ ವ್ಯತ್ಯಾಸ ಅದು. ಶಾಹೀನ್ ತೆರೆದ ಬಾಗಿಲಿನಲ್ಲಿ ಈಗ ಸಲೀಸಾಗಿ ಒಳಗೆ ನಡೆದು ಹೋಗಿದ್ದೆ. ಕ್ರಿಯಾಪದದ ಕೊನೆಗೆ ‘ಊದು’ ಬಂದಲ್ಲಿ ಜೆರಂಡ್, ‘ಆಕ’ ಬಂದಲ್ಲಿ ‘ಟು’. ಎಲ್ಲ ವಾಕ್ಯಕ್ಕೂ ಇದು ಸರಿಹೋಗುವುದಿಲ್ಲ ಎಂದು ಈಗ ಗೊತ್ತಿದೆ — ‘ಈಸಾಕ ಹತ್ಯಾನ’ದಲ್ಲಿ ‘ಆಕ’ ಇದ್ದರೂ ‘ಟು’ ಬರುವುದಿಲ್ಲ — ಆದರೆ ನಮ್ಮ ಮಕ್ಕಳಿಗೆ ಹಾದಿ ತೋರಿಸಲು ಸಾಕು. ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಎಷ್ಟು ಸಂತೋಷವಾಗಿತ್ತೆಂದರೆ — ಆ ಹುಡುಗಿಯ ಮುಖ ಒಮ್ಮೆಯೂ ನೆನಪಾಗಲಿಲ್ಲ.

ಮರುದಿನ ಅದೇ ತರಗತಿಯಲ್ಲಿ ಅದನ್ನೇ ಕಲಿಸಿದೆ. “ನಾನು ಒಂದು ಉಪಾಯ ಯೋಚನೆ ಮಾಡೇನಿ,” ಎಂದು ಶುರುಮಾಡಿದೆ. ನಿನ್ನೆ ಬೇಡವೆಂದ ಓಣಿ ಮಾತನ್ನು ಇಂದು ನಾನೇ ಹಲಗೆಯ ಮೇಲೆ ಬರೆದೆ. ಕಿಟಕಿಯ ಕಡೆ ನೋಡಲಿಲ್ಲ. ‘ಇದು ಶಾಹೀನ್ ಹೇಳಿದ್ದು’ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವಳೂ ಎಲ್ಲರಂತೆ ತಲೆ ಬಗ್ಗಿಸಿ ಬರೆದುಕೊಂಡಳು.

ಮುಂದಿನದು ಬೆಳೆಯುತ್ತಾ ಹೋಯಿತು. ತಾಲೂಕಿನ ತರಬೇತಿಯಲ್ಲಿ ಹೇಳಿದೆ. ಶಿಕ್ಷಕರು ಬೆಂಚು ಬಡಿದು ಮೆಚ್ಚಿದರು. ಬೇರೆ ತಾಲೂಕುಗಳಿಂದ ಕರೆ ಬಂತು. ‘ಊದು ಸರ್’ ಎಂದು ಹೆಸರು ಬಿತ್ತು. ನಿವೃತ್ತಿಯ ನಂತರವೂ ಕರೆಯುತ್ತಿದ್ದರು, ಹೋಗುತ್ತಿದ್ದೆ. ಸುಳ್ಳನ್ನು ಹಲವು ವರ್ಷ ಹೇಳಿದರೆ ಅದು ಸುಳ್ಳೆಂಬುದೇ ಮರೆತುಹೋಗುತ್ತದೆ — ನನಗೆ ನಿಜವಾಗಿಯೂ ಮರೆತಿತ್ತು.

ಹೋದ ವರ್ಷ ಸವದತ್ತಿಯಲ್ಲಿ ಪಾಠ ಮುಗಿಸಿ, ಯಾರಿಗಾದರೂ ಏನಾದರೂ ಕೇಳಬೇಕಿದೆಯೇ ಎಂದೆ. ನಡುವಿನ ಸಾಲಿನಿಂದ ಒಬ್ಬ ಶಿಕ್ಷಕಿ ಎದ್ದಳು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಸ್ವಲ್ಪ ನಡುಗುವ ದನಿಯಲ್ಲಿ ಹೇಳಿದಳು — “ಕೇಳೂದು ಏನಿಲ್ರಿ. ನಾ ಶಾಹೀನ್, ಈ ಸರ್ ಕೈಯಾಗ ಕಲತಾಕಿ. ಇದನ್ನ ನಮಗ ಒಂಬತ್ತನೇತ್ತಾ ಇದ್ದಾಗ ಇವರ ಕಲಿಸಿದ್ರು. ಇವರಿಂದನ ನಾ ಇಂಗ್ಲಿಷ್ ಟೀಚರ್ ಆದ್ನಿ.”

ಹೆಸರು ಕೇಳಿದೊಡನೆ ನನಗೆ ಎಲ್ಲವೂ ನೆನಪಾಗಿತ್ತು. ದೊಡ್ಡ ಚಪ್ಪಾಳೆ ಬಿತ್ತು. ಬಾಯಿ ತೆರೆಯಬೇಕಾದ ಗಳಿಗೆ ಅದೇ. ನಾನು ಕೈ ಮುಗಿದೆ. ನಗುತ್ತಾ, ಎಲ್ಲರ ಕಡೆ ತಿರುಗಿ — ಕೈ ಮುಗಿದೆ. ಮೊದಲನೆಯ ಸಲ ಹೆದರಿಕೆಯಿಂದ ಕಿತ್ತುಕೊಂಡಿದ್ದೆ. ಈ ಸಲ ಅವಳೇ ಎದ್ದುನಿಂತು ಕೊಟ್ಟಳು, ಎಲ್ಲ ಗೊತ್ತಿದ್ದೂ ತೆಗೆದುಕೊಂಡೆ.

ಮನೆಗೆ ಬಂದು ಶಾಂತಾಗೆ ಎಲ್ಲವನ್ನೂ ಹೇಳಿದೆ. ಅವಳು ಎಲೆ ಬಿಡಿಸುತ್ತಿದ್ದ ಮೆಂತೆ ಪಲ್ಯೆ ಬದಿಗಿಟ್ಟು ಕೇಳಿದಳು. ಕೊನೆಗೆ, “ನನಗ ಹೇಳಿ ಏನ್ ಬಂತ್ರಿ? ಆಕಿಗೆ ಹೇಳ್ರಿ,” ಎಂದಳು.

ಶಾಹೀನ್ ತೊರಗಲ್ಲಿನ ಕಡೆಯ ಒಂದು ಶಾಲೆಯಲ್ಲಿದ್ದಾಳೆಂದು ತಿಳಿದು ಅಲ್ಲಿಗೆ ಹೋದೆ. ಶಿಕ್ಷಕರ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಕುರ್ಚಿ ಒರೆಸಿ, “ಬರ್ರಿ ಸರ್, ಕುಂದರ್ರಿ,” ಎಂದಳು. ನಾನು ನಿಂತೇ ಹೇಳಿದೆ. ಅವಳ ಪ್ರಶ್ನೆ, ನನ್ನ ಹೆದರಿಕೆ, ಬಸ್ಸು, ಮರುದಿನದ ಪಾಠ, ಸವದತ್ತಿಯಲ್ಲಿ ಮುಗಿದ ಕೈ. ನಡುವೆ ಎಲ್ಲಿಯೂ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನೆವ ಹೇಳಲು ಶುರುಮಾಡುತ್ತಿದ್ದೆ.

ಅವಳು ಕುರ್ಚಿ ಒರೆಸಿದ ಬಟ್ಟೆಯನ್ನು ಮಡಚಿಡುತ್ತಾ ಹೇಳಿದಳು —

“ನಾ ಹೇಳಿದ್ದು ನೆನಪಿಲ್ರಿ ಸರ್. ನಿಂತಿದ್ದು ನೆನಪೈತಿ. ಏನೋ ತಪ್ಪು ಹೇಳಿರಬೇಕು, ಅದಕ್ಕ ನಿಂದರ್ಸಿದ್ರು ಅಂತ ತಿಳಕೊಂಡಿದ್ನಿ. ಆಮ್ಯಾಲೆ ನಾ ಯಾವ ಕ್ಲಾಸಿನ್ಯಾಗೂ ಕೈ ಎತ್ತಲಿಲ್ರಿ. ಕಾಲೇಜಿನ್ಯಾಗೂ ಇಲ್ಲ. ಮಂದ್ಯಾಗ ಎದ್ದು ಮಾತಾಡಿದ್ದಂದ್ರ — ಸವದತ್ತ್ಯಾಗನ ಮೊದಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಒಂದು ಉಪಾಯ ಕದ್ದೆ ಎಂದುಕೊಂಡು ಹೋಗಿದ್ದೆ ನಾನು. ಸರಿ ಹೇಳಿದ ಹುಡುಗಿಗೆ ‘ನಿನ್ನದು ತಪ್ಪು’ ಎಂದು ನಂಬಿಸಿ, ಅಷ್ಟು ವರ್ಷ ಅವಳ ಬಾಯಿ ಮುಚ್ಚಿಸಿದ್ದೆ ಎಂಬುದು ಅಲ್ಲಿ ತಿಳಿಯಿತು.

ಮುಂದಿನ ತರಬೇತಿ ಬೈಲಹೊಂಗಲದಲ್ಲಿತ್ತು. ಈ ಪಾಠ ಶಾಹೀನ್ ಮಾಡಬೇಕು ಎಂದು ಅದನ್ನು ಏರ್ಪಡಿಸಿದವರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಅವಳು ಒಂದು ದಿನ ಯೋಚಿಸಿ ಫೋನ್ ಮಾಡಿದಳು — “ಮಾಡತೇನ್ರಿ ಸರ್. ಆದ್ರ ನೀವು ಬರಬೇಕು. ನನಗ ಹೇಳಿದ್ದನ್ನ ಅಲ್ಲಿ ಹೇಳಬೇಕು.”

ಹೇಳಿದೆ. ಅವಳು ಶುರುಮಾಡುವ ಮೊದಲು ಎದ್ದು ನಿಂತು, ನಡೆದದ್ದನ್ನು ನಡೆದಂತೆ ಹೇಳಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನೊಡನೆ ಹಲವು ವರ್ಷ ಕೆಲಸ ಮಾಡಿದ ಗೆಳೆಯನೊಬ್ಬ ಊಟಕ್ಕೆ ಬೇರೆ ಸಾಲಿನಲ್ಲಿ ಕುಳಿತ. ಅದು ಸರಿಯೇ.

ಶಾಹೀನಳ ಪಾಠ ನನ್ನದಕ್ಕಿಂತ ಚೆನ್ನಾಗಿತ್ತು. ಯಾವ ವಾಕ್ಯಗಳಲ್ಲಿ ಈ ಉಪಾಯ ಸೋಲುತ್ತದೆ ಎಂಬುದನ್ನೂ ಅವಳು ಬಿಡಿಸಿ ತೋರಿಸಿದಳು. ಅದು ನನಗೆ ಎಂದೂ ಹೊಳೆದಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಬರೆದುಕೊಂಡೆ. ಬಹಳ ದಿನಗಳ ನಂತರ ಏನನ್ನಾದರೂ ಹೊಸದಾಗಿ ಕಲಿತ ಸಂತೋಷ — ಅದನ್ನು ಮುಚ್ಚಿಡುವುದಿಲ್ಲ.

ಈಗ ಅವಳನ್ನು ಬೇರೆ ಊರುಗಳಿಂದಲೂ ಕರೆಯುತ್ತಾರೆ. ನನ್ನನ್ನು ಕರೆದರೆ ನಾನು ಅವಳ ಹೆಸರು ಹೇಳಿ ಫೋನ್ ಇಡುತ್ತೇನೆ. ಕ್ಷಮಿಸು ಎಂದು ಮಾತ್ರ ಅವಳನ್ನು ಕೇಳಿಲ್ಲ. ಕೇಳಿದರೆ ‘ಹೋಗ್ಲಿ ಬಿಡ್ರಿ ಸರ್’ ಎಂದುಬಿಡುತ್ತಾಳೆ — ಅಷ್ಟು ಸುಲಭವಾಗಿ ಅದು ಹೋಗುವುದು ನನಗೆ ಬೇಡ.