ಪುಸ್ತಕದಲ್ಲಿಲ್ಲದ ಹೆಂಗಸು

ಮಳೆಗಾಲ ಮುಗಿಯುವವರೆಗೆ ಗಡಹಿಂಗ್ಲಜದ ನಮ್ಮ ತವರುಮನೆಯಲ್ಲಿ ಸಂಜೆ ದೀಪ ಹಚ್ಚುತ್ತಿರಲಿಲ್ಲವೆಂದರೆ ನೀವು ನಗಬಹುದು. ಹುಳಹುಪ್ಪಟೆ ಉರಿಗೆ ಬಿದ್ದು ಸತ್ತಾವೆಂಬ ಅಂಜಿಕೆ ನಮ್ಮ ಜೈನ ಮನೆಗಳಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಹೊತ್ತು ಮುಳುಗುವ ಮೊದಲೇ ಉಂಡು, ಕೈ ತೊಳೆದು, ಕತ್ತಲು ಬಂದು ಪಕ್ಕದಲ್ಲಿ ಕೂರುವುದನ್ನೇ ಕಾಯುತ್ತಿದ್ದೆವು. ಅತ್ಯಾ ಕತೆ ಓದುತ್ತಿದ್ದದ್ದು ಆ ಹೊತ್ತಿನಲ್ಲಿ.

ಅತ್ಯಾ ಎಂದರೆ ಅಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು, ಆಮೇಲೆ ಬಸದಿಗಲ್ಲದೆ ಬೇರೆಲ್ಲಿಗೂ ಹೊಸ್ತಿಲು ದಾಟಿದ್ದನ್ನು ನಾನು ಕಾಣೆ. ಚಿಕ್ಕಂದಿನಲ್ಲಿ ಕೊಲ್ಹಾಪುರದ ಸಾಲೆಯಲ್ಲಿ ಕಲಿತದ್ದರ ಗುರುತಾಗಿ ಅವಳ ಬಳಿ ಒಂದು ಮರಾಠಿ ಕಾದಂಬರಿಯಿತ್ತು: ಕೆರೆಯ ತಳದಲ್ಲಿ ಮಾಯಾವಿಯ ಅರಮನೆ, ಬಾಗಿಲ ಹಿಂದೆ ಬಾಗಿಲು, ಕಳೆದುಹೋದ ತಂಗಿಯನ್ನು ಹುಡುಕಿ ಹೊರಟ ರಾಜಕುಮಾರ. ಮನೆಮಾತು ಕನ್ನಡವಾದ್ದರಿಂದ ಕಣ್ಣಲ್ಲಿ ಮರಾಠಿ ಓದಿ ಬಾಯಲ್ಲಿ ಕನ್ನಡ ಹೇಳುವಳು. ಪೂರಾ ಕತ್ತಲಾದ ಮೇಲೂ ಪುಟ ಮಗುಚುವ ಸದ್ದು ಕೇಳುತ್ತಿತ್ತು. ಆ ಕತ್ತಲಲ್ಲಿ ಅವಳು ಓದುತ್ತಿದ್ದುದಾದರೂ ಏನೆಂದು ಕೇಳುವ ಬುದ್ಧಿ ನನಗಿರಲಿಲ್ಲ.

ನನಗೆ ರಾಜಕುಮಾರನ ಗೊಡವೆಯೇ ಬೇಡ. ಬೇಕಾದವಳು ಬಾಗಿಲ ಹಿಂದಿನ ಹೆಂಗಸು. ಅವಳಿಗೆ ನೆರಳಿಲ್ಲ, ಹೆಸರಿಲ್ಲ. ಒಳಗಿನಿಂದ ಅಗುಳಿ ತೆಗೆದು, ಬಂದವನಿಗೆ ದಾರಿ ಬಿಟ್ಟು, ಗೋಡೆಗೆ ಒತ್ತಿಕೊಂಡು ನಿಲ್ಲುವಳು. ಅವನ ಕಣ್ಣಿಗೆ ಅವಳು ಬೀಳುವುದೇ ಇಲ್ಲ.

“ಅಕಿ ಹೊರಗ ಯಾವಾಗ ಬರ್ತಾಳ, ಅತ್ಯಾ?”

“ಬಾಗಲಾ ತಗಿಯಾಕಿ ಒಳಗ ಇರಬೇಕಲ್ಲ, ತಂಗಿ.”

ಲೋಕದ ನಿಯಮವೇ ಹಾಗೆಂದು ನಂಬಿದೆ. ಮದುವೆಯಾಗಿ ಇಚಲಕರಂಜಿಗೆ ಬಂದ ಮೇಲೂ ನಂಬಿದ್ದೆ.

ಎರಡನೇ ಮಹಾಯುದ್ಧ ಮುಗಿಯುತ್ತ ಬಂದ ವರ್ಷ ಆ ಪುಸ್ತಕವನ್ನು ಅತ್ಯಾನಿಂದ ಕೇಳಿ ತಂದೆ. ಮಗ್ಗಗಳಿಗೆ ರಜೆಯ ದಿನ. ಸದಾ ಖಟಖಟ ಎನ್ನುವ ಊರು ಒಮ್ಮೆಲೇ ಸುಮ್ಮನಾದರೆ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತದೆ. ಅಂಥ ಮಧ್ಯಾಹ್ನ ಮೊದಲ ಸಲ ಅದನ್ನು ಮರಾಠಿಯಲ್ಲೇ ಓದಿದೆ. ಅರಮನೆಯಿತ್ತು, ಮಾಯಾವಿಯಿದ್ದ, ಅವಳಿರಲಿಲ್ಲ. ಬಾಗಿಲು ತಾನಾಗಿ ತೆರೆಯಿತು ಎಂದಷ್ಟೇ ಬರೆದಿತ್ತು, ಪ್ರತಿ ಸಲವೂ. ಹಾಳೆ ಹರಿದಿದೆಯೇನೋ ಎಂದು ತಿರುವಿ ಹಾಕಿದೆ, ಎಲ್ಲ ಸರಿಯಿತ್ತು. ಆದರೂ ಒಂದೊಂದು ಬಾಗಿಲು ಬಂದಾಗಲೂ ಅಗುಳಿ ಸರಿದ ಸದ್ದು ನನಗೆ ಕೇಳಿಸಿತು, ಅತ್ಯಾನ ಉಸಿರಿನ ಸಮೇತ.

ಬಾಲ್ಯದ ಪುಸ್ತಕವನ್ನು ಮತ್ತೆ ಓದಿದರೆ ರುಚಿ ಕೆಡುತ್ತದೆನ್ನುತ್ತಾರೆ. ನನಗಂತೂ ನಿದ್ದೆಯೇ ಕೆಟ್ಟಿತು. ನನ್ನನ್ನು ಸಾಲೆಗೆ ಹಾಕಬೇಕೆಂದು ಅಪ್ಪನ ಎದುರು ಉಪವಾಸ ಕೂತವಳು ಅತ್ಯಾ. ಊರವರು ಮಾತ್ರ, ಹುಡುಗಿ ತಾನಾಗಿ ಕಲಿತಳು ಎನ್ನುತ್ತಿದ್ದರು. ಅವಳು ತನ್ನನ್ನು ತಾನೇ ಆ ಪುಸ್ತಕದೊಳಗೆ ಬಚ್ಚಿಟ್ಟು, ಹೊರಗೆ ಕರೆಯುವವರಿಗಾಗಿ ಇಷ್ಟು ವರ್ಷ ಕಾದಳೇನೋ ಎನಿಸಿತು.

ಮರುದಿನವೇ ಹೊರಟೆ. ಗಡಹಿಂಗ್ಲಜ ಮುಟ್ಟುವಾಗ ಹೊತ್ತು ಮುಳುಗಿತ್ತು. ಬಾಗಿಲು ತೆರೆಯಿತು, ನೆಟ್ಟಗೆ ಒಳಗೆ ಹೋಗಿ ಅತ್ಯಾನ ಎದುರು ಕೂತೆ.

“ಒಳಗ ಕುಂತದ್ದ ಸಾಕ, ಅತ್ಯಾ. ನನ್ನ ಜೋಡಿ ನಡಿ.”

ಅವಳು ನನ್ನನ್ನು ದಾಟಿ ಬಾಗಿಲ ಕಡೆ ನೋಡಿ, “ಇಂದೂ, ಮುಂದ ಬಾರವಾ” ಎಂದಳು.

ಬಾಗಿಲ ಹಿಂದಿನ ಗೋಡೆಯಿಂದ ಒಂದು ಆಕೃತಿ ಬಿಡಿಸಿಕೊಂಡು ಬಂತು. ಹಿಂದಿನ ವರ್ಷ ತೀರಿಕೊಂಡ ನನ್ನ ತಮ್ಮನ ವಿಧವೆ, ಇನ್ನೂ ಎಳೆಯ ಹುಡುಗಿ. ನನಗೆ ಬಾಗಿಲು ತೆರೆದವಳು ಅವಳೇ. ನಾನು ಅವಳನ್ನು ಕಂಡೇ ಇರಲಿಲ್ಲ.

“ಮದಲ ಈಕಿನ್ನ ಕರಕೊಂಡ ಹೋಗಿ ಸಾಲಿಗೆ ಹಚ್ಚ,” ಎಂದಳು ಅತ್ಯಾ. “ನಿಮ್ಮಪ್ಪಗ ನಾ ಹೇಳ್ಕೋತೇನಿ.”

ಬೆಳಗ್ಗೆ ಮೋಟಾರು ಹೊರಟಾಗ ಪಕ್ಕದಲ್ಲಿ ಕೂತ ಇಂದು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಿತ್ತು.

“ಅಕ್ಕಾರ, ಇನ್ನ ಅತ್ಯಾರಿಗೆ ಬಾಗಲಾ ತಗಿಯಾವ್ರ ಯಾರ್ರಿ?”

ಜನರೆದುರೇ ಅತ್ತುಬಿಟ್ಟೆ.