ಒದ್ದೆ ಸೊಪ್ಪಿನ ಶಕ್ತಿ

ಹೋದ ವಾರವೂ ವೀರನಹೊಸಹಳ್ಳಿಯ ಕಡೆಯಿಂದ ಒಬ್ಬಾಕೆ ಎರಡು ಬಸ್ಸು ಬದಲಾಯಿಸಿಕೊಂಡು ಬಂದಿದ್ದಳು. ಮಗಳಿಗೆ ಗಂಡು ಗೊತ್ತಾಗಿದೆಯಂತೆ. ಹುಡುಗನ ಫೋಟೊ ಮುಟ್ಟಿ ನಾನು ಅವನ ಗುಣ ಹೇಳಬೇಕಂತೆ. ನನಗೆ ಅದೆಲ್ಲ ಬರುವುದಿಲ್ಲ, ಹುಡುಗನ ಊರಿಗೆ ಹೋಗಿ ನಾಲ್ಕು ಮನೆಯಲ್ಲಿ ವಿಚಾರಿಸಿ ಎಂದೆ. ಆಕೆ ಏಳಲಿಲ್ಲ. ಜಗಲಿಯ ಮೇಲೆ ಕೂತು, "ತಿಳಿದೋರು ಅಂಗೇಯ, ಮೊದ್ಲು ಇಲ್ಲ ಅಂತಾರೆ" ಎಂದಳು. ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬರುವುದಿಲ್ಲ ಎಂದರೆ ನಂಬದ ಈ ಜನ, ಬರುತ್ತದೆ ಎಂದಾಗ ಎಷ್ಟು ಬೇಗ ನಂಬಿದ್ದರು. ಒಬ್ಬರಾದರೂ ಸುಳ್ಳು ಕಣೆ ಎಂದು ನನ್ನ ಕಪಾಳಕ್ಕೆ ಬಾರಿಸಿದ್ದರೆ ನನ್ನ ತಂಗಿಯ ಮಗುವಿಗೆ ಈಗ ಎರಡು ವರ್ಷ ತುಂಬಿರುತ್ತಿತ್ತೋ ಏನೋ.

ನಮ್ಮದು ಹುಣಸೂರಿನಿಂದ ಹೆಚ್ಚು ದೂರವಿಲ್ಲದ ಊರು. ನಾನೂ ತಂಗಿಯೂ ಹುಟ್ಟಿದ್ದು ಕಂಪಲಾಪುರದ ಕಡೆ. ನನ್ನನ್ನು ಈ ಊರಿನ ಮೇಲಿನ ಬೀದಿಗೆ ಕೊಟ್ಟರು, ಹದಿನಾರು ವರ್ಷದ ಮೇಲೆ ಅವಳನ್ನು ಕೆಳಗಿನ ಬೀದಿಗೆ ಕೊಟ್ಟರು. ಎರಡೂ ಮನೆಯವರದು ಹೊಗೆಸೊಪ್ಪಿನ ಬೇಸಾಯ. ನಮ್ಮಲ್ಲಿ ಸೊಪ್ಪು ಮುರಿಯುವುದಕ್ಕೆ ಮುಯ್ಯಾಳು ಪದ್ಧತಿಯಿದೆ. ಇವತ್ತು ನಿಮ್ಮ ಮನೆಯಿಂದ ಒಂದಾಳು ನಮ್ಮ ಹೊಲಕ್ಕೆ ಬಂದರೆ, ನಾಳೆ ನಮ್ಮ ಮನೆಯಿಂದ ಒಂದಾಳು ನಿಮ್ಮ ಹೊಲಕ್ಕೆ ಹೋಗಬೇಕು. ಜ್ವರ ಬಂದರೂ ಮುಯ್ಯಿ ತಪ್ಪಿಸುವಂತಿಲ್ಲ. ತಪ್ಪಿಸಿದ ಹೆಂಗಸನ್ನು ನೀರು ಹಿಡಿಯುವ ಕಡೆಯೆಲ್ಲ ಆಡಿಕೊಳ್ಳುತ್ತಾರೆ.

ಸೊಪ್ಪು ಕೊಯ್ಲಿಗೆ ಬರುವುದು ಮಳೆಯ ದಿನಗಳಲ್ಲಿ. ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನು ತುಂಬುವ ದಿನ ನಿಶ್ಚಯವಾದ ಮೇಲೆ ಮಳೆಯೆಂದು ನಿಲ್ಲುವುದಿಲ್ಲ. ಒಂದೇ ದಿನದಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಒಳಗೆ ನೇತುಹಾಕಿ ಬೆಂಕಿ ಹಾಕಬೇಕು. ಬಗ್ಗಿ ಎಲೆ ಮುರಿಯುತ್ತಾ ಕಂಕುಳಲ್ಲಿ ಒತ್ತಿಕೊಂಡು ಸಾಲು ಮುಗಿಸುತ್ತೇವೆ. ಎಲೆಯ ಮೇಲಿನ ನೀರು ರವಿಕೆ ನೆನೆಸಿ ಸೊಂಟಕ್ಕೆ ಇಳಿಯುತ್ತದೆ. ಕೈಗೆ ಕಪ್ಪು ಅಂಟು ಹತ್ತುತ್ತದೆ, ಎಷ್ಟು ತಿಕ್ಕಿದರೂ ಬೇಗ ಬಿಡುವುದಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ನಾನು ಸಾಲಿನ ನಡುವೆಯೇ ವಾಂತಿ ಮಾಡಿಕೊಂಡಿದ್ದೆ. ಅತ್ತೆ ಹಿಂದೆ ತಿರುಗಿಯೂ ನೋಡದೆ, "ಸೊಪ್ಪು ತಲೆಗೆ ಒಡೆಯೋದು ಹೊಸಬ್ರಿಗೆ ಕಣಮ್ಮಿ. ಮೈ ಒಗ್ಗುದ್‌ ಮೇಲೆ ಏನೂ ಆಗಕ್ಕಿಲ್ಲ. ಸುಮ್ಕೆ ಮುರಿ" ಎಂದಿದ್ದರು. ಇಡೀ ಸೀಮೆಯೇ ನಂಬಿರುವ ಮಾತು ಅದು. ಇಪ್ಪತ್ತು ವರ್ಷದ ಮೇಲೂ ನನಗೆ ತಲೆ ಸುತ್ತುತ್ತಿತ್ತು, ಎದೆ ಡವಡವ ಎನ್ನುತ್ತಿತ್ತು, ಮೈ ತಣ್ಣಗಾಗಿ ಬೆವರುತ್ತಿತ್ತು. ಆದರೆ ನಾನು ಹೊಸಬಳಲ್ಲ. ಹಾಗಾಗಿ ಅದು ಸೊಪ್ಪಿನದಲ್ಲ ಎಂದುಕೊಂಡೆ. ಇನ್ನೊಬ್ಬರಿಗೆ ಹೇಳಿದರೆ, "ಎಲ್ರಿಗೂ ಸುಸ್ತಾಯ್ತದೆ, ನಿಂದೇನು ವಿಶೇಷ" ಎನ್ನುತ್ತಿದ್ದರು.

ಅಂಥ ಹೊತ್ತಿನಲ್ಲಿ ಆ ಮಹಾನುಭಾವ ಸಿಕ್ಕಿದ. ಹುಣಸೂರಿನಲ್ಲಿ ಗೊಬ್ಬರದ ಅಂಗಡಿಯ ಮೇಲಿನ ರೂಮಿನಲ್ಲಿ ಪ್ರತಿ ಭಾನುವಾರ ಅವನ ಶಿಬಿರ. ಎಲ್ಲರೊಳಗೂ ಅತೀಂದ್ರಿಯ ಶಕ್ತಿ ಮಲಗಿದೆ, ಅಭ್ಯಾಸದಿಂದ ಎಬ್ಬಿಸಬಹುದು ಎನ್ನುತ್ತಿದ್ದ. ಪಕ್ಕದ ಮನೆಯಾಕೆ ಕರೆದಳೆಂದು ಹೋದೆ. ಅಂಗೈ ಬಿಸಿಯಾಗುವ ತನಕ ಉಜ್ಜಿ ಮುಚ್ಚಿದ ಕಣ್ಣಿನ ಮೇಲೆ ಇಡಬೇಕು, ಹೆಬ್ಬೆರಳಿನಿಂದ ಹುಬ್ಬಿನ ನಡುವೆ ಒತ್ತಬೇಕು, ಕಂಡದ್ದನ್ನು ತಡೆಯದೆ ನೋಡಬೇಕು. ದಿನಾ ಅರ್ಧ ಗಂಟೆ. ನನಗೆ ಬಿಡುವು ಸಿಗುತ್ತಿದ್ದುದು ಸೊಪ್ಪು ಮುರಿದು ಬಂದ ಮೇಲೆ. ಬ್ಯಾರನ್ನಿನ ಗೋಡೆ ಬೆಚ್ಚಗಿರುತ್ತಿತ್ತು, ಅದಕ್ಕೆ ಬೆನ್ನು ಕೊಟ್ಟು ಆ ಅಂಟು ಕೈಯನ್ನೇ ಕಣ್ಣಿಗೆ ಒತ್ತಿಕೊಂಡು ಕೂರುತ್ತಿದ್ದೆ. ಮೊದಲ ವಾರವೇ ಹಸಿರು ನೀಲಿ ಬೆಳಕು ಕಂಡಿತು. ನೆಲ ತೇಲಿದಂತಾಯಿತು. ಮಲಗಿದರೆ ಬಣ್ಣಬಣ್ಣದ ಕನಸು, ಎದ್ದರೂ ಅಳಿಸದ ಕನಸು. ಶಿಬಿರದವರ ಫೋನಿನ ಗ್ರೂಪಿನಲ್ಲಿ ಇದನ್ನೆಲ್ಲ ಹೇಳಿದೆ, ವಾಂತಿಯಾದದ್ದನ್ನೂ ಹೇಳಿದೆ. ಆತ ಕೈಮುಗಿದ ಚಿತ್ರ ಹಾಕಿ, 'ಶುದ್ಧೀಕರಣ ಶುರುವಾಗಿದೆ ತಾಯಿ, ಮುಂದುವರಿಸಿ' ಎಂದು ಬರೆದ. ನೀವು ಏನು ಕೆಲಸ ಮಾಡುತ್ತೀರಿ, ಕೈ ತೊಳೆದಿರಾ, ಊಟ ಮಾಡಿದಿರಾ ಎಂದು ಒಂದು ಮಾತು ಕೇಳಲಿಲ್ಲ. ಹೊಗೆಸೊಪ್ಪಿನ ನಾಡಿನ ನಡುವೆ ಕೂತು ಶಿಬಿರ ಮಾಡುವವನಿಗೆ ಎದುರಿಗಿದ್ದ ಹೆಂಗಸರ ಕಪ್ಪು ಕೈ ಕಾಣಲಿಲ್ಲ. ಅವನಿಗೆ ಎಲ್ಲರ ಪೂರ್ವಜನ್ಮ ಕಾಣುತ್ತಿತ್ತು.

ಅವನೊಬ್ಬನನ್ನೇ ಬೈದರೆ ನನ್ನ ಸಿಟ್ಟು ಮುಗಿಯುವುದಿಲ್ಲ. ತಲೆ ಸುತ್ತುತ್ತಿದೆ ಎಂದಾಗ ನನ್ನನ್ನು ಯಾರೂ ಕೂರಿಸಿರಲಿಲ್ಲ. ಶಕ್ತಿ ಬರುತ್ತಿದೆ ಎಂದಾಗ ಮಣೆ ಹಾಕಿದರು. ಅದೇ ಅತ್ತೆ ಲೋಟದಲ್ಲಿ ಹಾಲು ತಂದು ಕೈಗೆ ಕೊಟ್ಟರು. ಮನೆಯವರು, ಇಪ್ಪತ್ತು ವರ್ಷ ನನ್ನ ಹೆಸರು ಹಿಡಿದು ಕರೆಯದೆ 'ಲೇ' ಎನ್ನುತ್ತಿದ್ದವರು, ಬಂದವರ ಎದುರು 'ಇವ್ರು' ಎನ್ನತೊಡಗಿದರು. ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ಕೂರಲು ನನಗೆ ಮೈಮೇಲೆ ಏನೋ ಬರಬೇಕಾಯಿತು. ಆ ಅರ್ಧ ಗಂಟೆಯ ಮರ್ಯಾದೆ ನನಗೆ ಬೇಕಿತ್ತು, ಬಹಳ ಬೇಕಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ನಾನೂ ಆ ಗೊಬ್ಬರದಂಗಡಿಯ ಮೇಲಿನವನ ಜಾತಿಗೇ ಸೇರುತ್ತೇನೆ.

ಜನ ಕೇಳಲು ಬಂದರು. ಕಳೆದುಹೋದ ಕಿವಿಯ ಓಲೆ ಹಿತ್ತಲ ಕಲ್ಲಿನ ಹತ್ತಿರ ಇದೆ ಎಂದೆ, ಸಿಕ್ಕಿತು. ಹೆಂಗಸರು ಬಟ್ಟೆ ಒಗೆಯುವುದು ಇನ್ನೆಲ್ಲಿ? ದೂರವಿದ್ದ ಮಗ ಮೂರು ದಿನದಲ್ಲಿ ಫೋನು ಮಾಡುತ್ತಾನೆ ಎಂದೆ, ಮಾಡಿದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ತಪ್ಪಿದ್ದನ್ನು ಯಾರೂ ಎತ್ತಿ ಆಡಲಿಲ್ಲ, ನಾನೂ ಆಡಲಿಲ್ಲ. ಸುಗ್ಗಿ ಮುಗಿದು ಬ್ಯಾರನ್ನು ತಣ್ಣಗಾದ ಮೇಲೆ ಕೂತರೆ ಏನೂ ಕಾಣುತ್ತಿರಲಿಲ್ಲ. ಬರೀ ಕತ್ತಲೆ, ಸೊಳ್ಳೆ. ಶ್ರದ್ಧೆ ಕಡಿಮೆಯಾಗಿದೆ ಎಂದ ಆತ. ಮಳೆ ಹಿಡಿದು ಮತ್ತೆ ಸೊಪ್ಪಿಗೆ ಇಳಿದೊಡನೆ ಶಕ್ತಿಯೂ ಬಂತು. ಎರಡು ವರ್ಷ ಹೀಗೇ ಆಯಿತು. ಲೆಕ್ಕ ಬಾರದ ಕೂಸಿಗೂ ಹೊಳೆಯುವ ಮಾತು ನನಗೆ ಹೊಳೆಯಲಿಲ್ಲ.

ತಂಗಿಗೆ ಮದುವೆಯಾಗಿ ಆರು ವರ್ಷ ಮಕ್ಕಳಿರಲಿಲ್ಲ. ಅವಳು ಬಸಿರಾದದ್ದನ್ನು ಅವಳು ಹೇಳುವ ಮೊದಲೇ ನಾನು ಹೇಳಿದೆ. ನಮ್ಮ ಮನೆಗೆ ಬಂದವಳು ಒಗ್ಗರಣೆಯ ವಾಸನೆಗೆ ಮೂಗಿಗೆ ಸೆರಗು ಹಿಡಿದಳು, ಎರಡು ಸಲ ಬಾಗಿಲಿಗೆ ಹೋಗಿ ಉಗಿದು ಬಂದಳು, ಹುಣಸೆಹಣ್ಣಿನ ಡಬ್ಬಿಗೆ ಕೈ ಹಾಕಿದಳು. ಬರಿಗಣ್ಣಿಗೆ ಕಂಡ ವಿಷಯ. ನಾನೋ ಕಣ್ಣು ಮುಚ್ಚಿ, ಅವಳ ಕೈ ಹಿಡಿದು, ನಿನ್ನೊಳಗೆ ಇನ್ನೊಂದು ಬೆಳಕು ಕಾಣುತ್ತಿದೆ ಎಂದೆ. ಅವಳು ನನ್ನ ಕಾಲು ಹಿಡಿದುಕೊಂಡು ಅತ್ತಳು. ಅಂದಿನಿಂದ ನಾನು ಹೇಳಿದ್ದೇ ಅವಳಿಗೆ ವೇದವಾಯಿತು.

ಅವಳಿಗೆ ನಾಲ್ಕು ತುಂಬಿ ಐದರಲ್ಲಿದ್ದಾಗ ಕೊಯ್ಲು ಬಂತು. ಅವಳ ಗಂಡ ಕಾಲು ಉಳುಕಿಸಿಕೊಂಡು ಮಲಗಿದ್ದರು. ಮುಯ್ಯಿ ತೀರಿಸಲು ಅವಳೇ ಬಂದಳು. ಬೇಡ, ಮನೆಯಲ್ಲಿರು ಎಂದು ನಮ್ಮ ಹೊಲದ ಯಜಮಾನತಿಯಾದ ನಾನು ಹೇಳಬಹುದಿತ್ತು. ಮೂರು ದಿನದ ಜಡಿಮಳೆ, ಎಲೆಯೆಲ್ಲ ತೊಟ್ಟಿಕ್ಕುತ್ತಿತ್ತು. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಅವಳು ಬದುವಿನ ಮೇಲೆ ಕುಕ್ಕರಿಸಿ ವಾಂತಿ ಮಾಡಿದಳು. ಹೋಗಿ ಹಿಡಿದೆ. ಹಣೆ ತಣ್ಣಗಾಗಿ ಬೆವರಿತ್ತು.

"ಅಕ್ಕ, ವಾಂತಿ ನಿಂತು ತಿಂಗ್ಳಾಗಿತ್ತು ಕಣಕ್ಕ. ಇದು ಬಸ್ರಿಂದಲ್ಲ ಅನ್ನಿಸ್ತದೆ. ಸೊಪ್ಪಿಂದಿರ್ಬೋದಾ? ಮನೆಗೆ ಓಗ್ಲಾ?"

ಸರಿಯಾಗಿಯೇ ಕೇಳಿದ್ದಳು. ಓದದ ನನ್ನ ತಂಗಿ, ಯಾವ ಶಿಬಿರಕ್ಕೂ ಹೋಗದವಳು, ತನ್ನ ಮೈಯನ್ನು ತಾನೇ ಓದಿಕೊಂಡು ಕೇಳಿದ್ದಳು. ನಾನು ಅವಳ ಹುಬ್ಬಿನ ನಡುವೆ ಹೆಬ್ಬೆರಳು ಇಟ್ಟೆ.

"ಸೊಪ್ಪಲ್ಲ ಕಣೆ. ನೀನೇನ್ ಹೊಸಬ್ಳಾ? ಒಳಗಿಂದು ಏಳ್ತಾ ಅದೆ, ನಂಗೂ ಇಂಗೇ ಆಗಿದ್ದು. ಬುಡು, ಬರ್ಲಿ. ಮಗೀಗೂ ಒಳ್ಳೇದು."

ಅವಳ ಮುಖದಲ್ಲಿ ಸಮಾಧಾನ ಕಂಡಿತು. ಸ್ವಲ್ಪ ಹೊತ್ತು ಬ್ಯಾರನ್ನಿನ ಸೂರಿನ ಕೆಳಗೆ ಕೂತು, ಬಾಯಿ ಮುಕ್ಕಳಿಸಿ, ಮತ್ತೆ ಸಾಲಿಗೆ ಇಳಿದಳು. ಮಗುವಿಗೆ ಒಳ್ಳೆಯದೆಂದು ನಾನು ಹೇಳಿದ್ದೆನಲ್ಲ, ಅದಾದ ಮೇಲೆ ಇನ್ನೂ ಮೂರು ಹೊಲಕ್ಕೆ ಮುಯ್ಯಿ ಹೋದಳು. ವಾಂತಿಯಾದಾಗಲೆಲ್ಲ ಬಂದು ಸಂತೋಷದಿಂದ ಹೇಳುತ್ತಿದ್ದಳು.

ಹನ್ನೆರಡನೆಯ ದಿನ ಹೊಟ್ಟೆ ನೋವು, ರಕ್ತ. ಆಟೊದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಮಗು ಉಳಿಯಲಿಲ್ಲ. ಗಂಡು ಮಗು. ನರ್ಸಮ್ಮ ಅವಳ ಕೈ ತಿರುಗಿಸಿ ನೋಡಿದ ಕೂಡಲೇ ನನ್ನ ಮುಖ ನೋಡಿದಳು.

"ಒದ್ದೆ ಸೊಪ್ಪು ಮುರಿಯೋಕ್ ಬುಟ್ಟಿದ್ರಾ ಈ ಮಗೀನ? ಯಾರೂ ಏಳೋರು ಕೇಳೋರು ಇರ್ನಿಲ್ವಾ ನಿಮ್ಮನೇಲಿ?"

ಇದ್ದೆವು. ಹೇಳುವವಳು ನಾನೇ ಇದ್ದೆ. ಡಾಕ್ಟರು ಕೂರಿಸಿ ವಿವರಿಸಿದರು. ನೆನೆದ ಎಲೆಯ ವಿಷ ಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ, ತಲೆಸುತ್ತು, ವಾಂತಿ, ಬೆವರು, ಎದೆಬಡಿತ, ಕೆಟ್ಟ ಕನಸು ಎಲ್ಲ ಅದರಿಂದ ಬರುತ್ತವೆ, ಹಳಬರು ಹೊಸಬರು ಎಂದೇನಿಲ್ಲ ಎಂದರು. ಮಗು ಹೋದದ್ದು ಅದರಿಂದಲೇ ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ ಎಂದರು. ಒಂದೊಂದನ್ನೂ ಅವರು ಹೇಳುತ್ತಾ ಹೋದಂತೆ ನನ್ನ ಎರಡು ವರ್ಷದ ಅನುಭವಗಳು ಒಂದೊಂದಾಗಿ ರೋಗದ ಲಕ್ಷಣಗಳ ಪಟ್ಟಿಯಾದವು.

ಆತನಿಗೆ ಫೋನು ಮಾಡಿದೆ. "ಆ ಆತ್ಮಕ್ಕೆ ಬರುವ ಇಚ್ಛೆ ಇರಲಿಲ್ಲ ತಾಯಿ, ನೀವು ಶೋಕಿಸಬಾರದು" ಎಂದ. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಬೈದೆ. ಸಂಜೆಯೊಳಗೆ ನನ್ನನ್ನು ಗ್ರೂಪಿನಿಂದ ತೆಗೆದಿದ್ದ. ಭಾನುವಾರ ಸೀದಾ ಹೋದೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು, ಸೊಪ್ಪು ಮುರಿಯುವವರು ಎಷ್ಟು ಜನ ಇದ್ದೀರಿ, ಕೈಯೆತ್ತಿ ಎಂದೆ. ಅರ್ಧಕ್ಕಿಂತ ಹೆಚ್ಚು ಕೈ ಎದ್ದವು, ಎಲ್ಲವೂ ಕಪ್ಪು. ಇದು ಶಕ್ತಿಯಲ್ಲ, ಸೊಪ್ಪಿನ ವಿಷ, ಮೊದಲು ಕೈ ತೊಳೆಯಿರಿ, ಆಸ್ಪತ್ರೆಗೆ ಹೋಗಿ ಎಂದೆ. ಆತ ಕಣ್ಣು ಮುಚ್ಚಿ ಮುಗುಳುನಗುತ್ತಾ ಕೂತಿದ್ದ. ಅವನ ಬದಲು ಉತ್ತರ ಕೊಟ್ಟವಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ ಪಕ್ಕದ ಮನೆಯಾಕೆ.

"ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ. ನಿನ್ ಶಕ್ತಿ ಓಯ್ತು ಅಂತ ಎಲ್ರುದೂ ಓಗ್ಬೇಕಾ?"

ನಕ್ಕರು. ಹೆಂಗಸರೇ ನಕ್ಕರು. ಅವರನ್ನು ಬೈಯಲು ಬಾಯಿ ತೆರೆದವಳು ಸುಮ್ಮನೆ ಇಳಿದು ಬಂದೆ. ಅವರ ಮನೆಗಳಲ್ಲೂ ಸುಸ್ತನ್ನು ಸುಸ್ತು ಎಂದರೆ ಮಣೆ ಹಾಕುವವರಿಲ್ಲ, ಶಕ್ತಿ ಎಂದರೆ ಮಾತ್ರ ಹಾಕುತ್ತಾರೆ.

ತಂಗಿ ಮೂರು ತಿಂಗಳು ನಮ್ಮ ಬೀದಿಗೆ ಬರಲಿಲ್ಲ. ಬಂದ ದಿನ ಮಧ್ಯಾಹ್ನ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಎದುರಿಗೆ ಕೂತಳು, ತಾನೂ ನಾಲ್ಕು ಕಾಯಿ ಬಿಡಿಸಿದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ, ಬರಲಿ ಎಂದೂ ಕಾಯುತ್ತಿದ್ದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಅಕ್ಕ, ಒಂದ್ಸಲ ನೋಡಿ ಏಳು. ಅವ್ನು ಎಲ್ಲವ್ನೆ? ಹಸ್ಕೊಂಡವ್ನಾ? ಅಷ್ಟ್ ಏಳು ಸಾಕು, ಇನ್ನೇನೂ ಕೇಳಕ್ಕಿಲ್ಲ."

ಸುಳ್ಳು ಹೇಳುವುದು ಸುಲಭವಿತ್ತು. ನೂರು ಜನಕ್ಕೆ ಹೇಳಿ ಅಭ್ಯಾಸವಾಗಿತ್ತು. ಬೆಳಕಿನಲ್ಲಿದ್ದಾನೆ, ಹೊಟ್ಟೆ ತುಂಬಿದೆ, ನಗುತ್ತಿದ್ದಾನೆ ಎಂದರೆ ಅವಳು ಆ ರಾತ್ರಿ ನಿದ್ದೆ ಮಾಡುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ನನ್ನ ಮೇಲೆ ನನಗೆ ಹುಟ್ಟಿದ ಸಿಟ್ಟು ಅದನ್ನು ನುಂಗಿತು.

"ನಂಗೇನೂ ಕಾಣಕ್ಕಿಲ್ಲ ಕಣೆ. ಯಾವತ್ತೂ ಕಂಡಿಲ್ಲ. ಎಲ್ಲಾ ಸೊಪ್ಪಿನ ಮತ್ತು."

ಅವಳು ಅಳಲಿಲ್ಲ. ದನಿ ಎತ್ತಲೂ ಇಲ್ಲ. ಮೊಣಕಾಲಿನ ಮೇಲಿದ್ದ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಅಂಗಾದ್ರೆ ಅವತ್ತು ಮನೆಗೆ ಓಗ್ಲಾ ಅಂತ ಕೇಳ್ದಾಗ, ಓಗು ಅಂತ ಯಾಕಕ್ಕ ಅನ್ನಲಿಲ್ಲ?"